ಮನೆಗೆ ಇನ್ನೊಂದು ಕಾರು, ಅದೂ ಸೆಕೆಂಡ್ ಹ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಆಗಲೇ ಒಂದು ಕಾರಿದೆ. ಅದು ಬೆಳಗ್ಗೆ ಎಂಟೂವರೆಗೆ ಹೊರಟರೆ ಮನೆ ಸೇರುವುದು ರಾತ್ರಿಗೇ. ನಡುವೆ ಮಗಳ ಟ್ಯೂಷನ್, ಅತ್ತೆಯ ಕಣ್ಣಿನ ಆಸ್ಪತ್ರೆ, ಮಳೆ ಬಂದಾಗ ಸಿಗದ ಆಟೋ. ಒಂದು ದಿನ ಊಟದ ಹೊತ್ತಿಗೆ ಯಾರೋ ಬಾಯಿ ಬಿಡುತ್ತಾರೆ: "ಸೆಕೆಂಡ್ ಹ್ಯಾಂಡಲ್ಲಿ ಒಂದು ಸಣ್ಣ ಕಾರು ನೋಡೋಣ್ವಾ?"

ನಾನು ಮೆಕ್ಯಾನಿಕ್ ಅಲ್ಲ. ನಮ್ಮ ಮನೆಗೆ ಎರಡು ಸಲ, ನೆಂಟರಿಷ್ಟರಿಗೆ ಲೆಕ್ಕವಿಲ್ಲದಷ್ಟು ಸಲ ಹಳೆ ಕಾರು ನೋಡಲು ಹೋದವಳು. ಅವರೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇರುವುದು ಬೆಂಗಳೂರಿನಲ್ಲಿ, ಹಾಗಾಗಿ ಉದಾಹರಣೆಗಳೂ ಇಲ್ಲಿಯವೇ ಜಾಸ್ತಿ.

ನಮಗೆ ನಿಜಕ್ಕೂ ಎರಡನೇ ಕಾರು ಬೇಕಾ?

ಒಂದು ತಿಂಗಳು ಕಾಯಿರಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಕಾರು ಬೇಕಾಗಿದ್ದೂ ಸಿಗದ ದಿನಕ್ಕೊಂದು ಗುರುತು ಹಾಕಿ. ವಾರಕ್ಕೆ ಒಂದೆರಡು ಸಲ ಆದರೆ ಕ್ಯಾಬೇ ಅಗ್ಗ. ನಿಂತ ಕಾರೂ ದುಡ್ಡು ತಿನ್ನುತ್ತದೆ. ಇನ್ಶೂರೆನ್ಸ್, ವರ್ಷಕ್ಕೊಂದು ಸರ್ವಿಸು, ಸುಮ್ನೆ ನಿಂತೇ ಸಾಯುವ ಬ್ಯಾಟರಿ, ಓಡದಿದ್ದರೂ ವಯಸ್ಸಾಗುವ ಟೈರು. ವಾರಕ್ಕೆ ನಾಲ್ಕೈದು ಗುರುತು ಬಿದ್ದರೆ ಮಾತ್ರ ಮುಂದೆ ಓದಿ.

ಅದಕ್ಕೂ ಮೊದಲು ಟೇಪ್ ಹಿಡಿದು ಜಾಗ ಅಳೆಯಿರಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕಾರು ತಂದ ಮೇಲೆ ಜಾಗ ಹುಡುಕಿದರು. ಆರು ತಿಂಗಳು ಎದುರುಮನೆಯವರ ಗೇಟಿನ ಮುಂದೆ ನಿಲ್ಲಿಸಿದರು. ಈಗ ಆ ಎರಡು ಮನೆಗೂ ಮಾತಿಲ್ಲ. ವ್ಯಾಗನ್ ಆರ್ ಉದ್ದ 3.65 ಮೀಟರ್ ಆಸುಪಾಸು, ಆಲ್ಟೊ ಕೆ10 ಇನ್ನೂ ಅರ್ಧ ಗೇಣು ಕಡಿಮೆ. 'ಸಣ್ಣ ಎಸ್‌ಯುವಿ' ಎಂದು ಮಾರುವ ಗಾಡಿಗಳು ಹೆಚ್ಚು ಕಡಿಮೆ 4 ಮೀಟರ್. ಕಂಬದ ಪಕ್ಕ ನಿಲ್ಲಿಸುವುದಾದರೆ ಬಾಗಿಲು ತೆಗೆಯುವ ಜಾಗವನ್ನೂ ಸೇರಿಸಿ ಅಳೆಯಿರಿ.

ಮೊದಲನೇ ಕಾರು ಕೊಳ್ಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ತುಂಬಾ ಇದೆ. ಜನ ತಪ್ಪುವುದೇ ಇಲ್ಲಿ.

ಮೊದಲನೇ ಕಾರು ಎಲ್ಲ ಕೆಲಸಕ್ಕೂ ಆಗಬೇಕು. ಧರ್ಮಸ್ಥಳಕ್ಕೂ ಹೋಗಬೇಕು, ಮದುವೆಗೆ ಐದು ಜನರನ್ನೂ ಹೊರಬೇಕು. ಎರಡನೇ ಕಾರಿಗೆ ಆ ಹೊಣೆ ಇಲ್ಲ. ಅದು ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಓಡುತ್ತದೆ, ಅದೂ ಎರಡು ಕಿಲೋಮೀಟರಿನ ತುಂಡು ತುಂಡು ಪ್ರಯಾಣ. ಇಂಜಿನ್ ಸರಿಯಾಗಿ ಬಿಸಿಯಾಗುವುದರೊಳಗೆ ಸ್ಕೂಲು ಬಂದಿರುತ್ತದೆ. ವಾರದಲ್ಲಿ ಮೂರು ದಿನ ನಿಂತೇ ಇರಬಹುದು. ಮೂರು ಜನ ಓಡಿಸುತ್ತಾರೆ, ಅದರಲ್ಲೊಬ್ಬರು ಹೊಸಬರು. ಪಕ್ಕದಲ್ಲಿ ಒಂದು ಗೀರು ಬಿದ್ದೇ ಬೀಳುತ್ತದೆ.

ಹೀಗಾಗಿ ಪಿಕಪ್, ಸನ್‌ರೂಫ್, ದೊಡ್ಡ ಡಿಕ್ಕಿ ಇವಕ್ಕೆಲ್ಲ ದುಡ್ಡು ಸುರಿಯಬೇಡಿ. ಪೇಂಟಿಗೂ ಅಷ್ಟೇ. ಕೇಳಬೇಕಾದ ಪ್ರಶ್ನೆ ಬೇರೆ. ಅಜ್ಜಿ ಸುಲಭವಾಗಿ ಹತ್ತಿ ಇಳಿಯುತ್ತಾರಾ? ಬೀದಿಯ ಯಾವ ಮೆಕ್ಯಾನಿಕ್‌ಗೂ ಇದು ಗೊತ್ತಾ? ಹದಿನೈದು ದಿನ ನಿಂತ ಮೇಲೂ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗುತ್ತಾ?

ಪೆಟ್ರೋಲಾ, ಡೀಸೆಲಾ?

ಪೆಟ್ರೋಲ್. ಇದರಲ್ಲಿ ನನಗೆ ಎರಡು ಮಾತಿಲ್ಲ.

2020ರ ಏಪ್ರಿಲ್ ನಂತರದ, ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಒಂದು ಫಿಲ್ಟರ್ ಇರುತ್ತದೆ. ಡಿಪಿಎಫ್ ಎನ್ನುತ್ತಾರೆ. ಕಾರು ಹೈವೇಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಿದಾಗ ಆ ಮಸಿ ಬಿಸಿಗೆ ಸುಟ್ಟುಹೋಗುತ್ತದೆ. ಬರೀ ಸ್ಕೂಲು, ತರಕಾರಿ ಅಂಗಡಿ ಎಂದು ಓಡಿಸಿದರೆ ಮಸಿ ಕಟ್ಟಿಕೊಳ್ಳುತ್ತಾ ಹೋಗಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಅದು ಪೂರ್ತಿ ಕಟ್ಟಿಕೊಂಡರೆ ಬರುವ ಬಿಲ್ಲು ನೋಡಿದರೆ ಡೀಸೆಲ್‌ನಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಅದಕ್ಕಿಂತ ಹಳೆಯ ಬಿಎಸ್4 ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಈ ಗೋಳಿಲ್ಲ, ನಿಜ. ಆದರೆ ಅವಕ್ಕೆ ವಯಸ್ಸಾಗಿದೆ. ಮಾರುತಿಯಂತೂ 2020ರಲ್ಲೇ ಡೀಸೆಲ್ ನಿಲ್ಲಿಸಿತು.

ಪೆಟ್ರೋಲಿಗೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ಅದಕ್ಕೆ ತಕ್ಕ ಕಾರುಗಳು ಕಡ್ಡಾಯವಾಗಿ ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದಾದರೆ ಮೈಲೇಜು ಸ್ವಲ್ಪ ಇಳಿಯುತ್ತದೆ. ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಸರ್ವಿಸಿನಲ್ಲಿ ನೋಡಿಸುತ್ತಿರಿ. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ನಿಲ್ಲಿಸಿಡುವ ಕಾರಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಕೊಳೆಯಲು ಬಿಡಬೇಡಿ.

ಸಿಎನ್‌ಜಿ ಕಾರಾದರೆ ಎರಡು ವಿಷಯ ನೋಡಿ. ಆರ್‌ಸಿಯಲ್ಲಿ ಸಿಎನ್‌ಜಿ ನಮೂದಾಗಿರಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು.

ಎಷ್ಟು ವರ್ಷ ಹಳೆಯದು ತಗೋಬಹುದು?

ನನ್ನ ಲೆಕ್ಕದಲ್ಲಿ ನಾಲ್ಕರಿಂದ ಏಳು ವರ್ಷ. ಮೊದಲ ಮೂರು ವರ್ಷದಲ್ಲಿ ಬೆಲೆ ಜರ್ರನೆ ಇಳಿಯುತ್ತದೆ. ಆ ನಷ್ಟವನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ, ನಮಗೇಕೆ?

ಮಕ್ಕಳನ್ನು ಕೂರಿಸುವ ಕಾರಾದ್ದರಿಂದ ಇನ್ನೊಂದು ದಿನಾಂಕ ನೆನಪಿಡಿ. 2019ರಲ್ಲಿ ನಿಯಮ ಬದಲಾಯಿತು. ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಜುಲೈನಿಂದ ಡ್ರೈವರ್ ಕಡೆಯ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಎಲ್ಲ ಕಡ್ಡಾಯವಾದವು. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2022ರ ಹೊತ್ತಿಗೆ. 2016ರ ಕಡಿಮೆ ಬೆಲೆಯ ಮಾಡೆಲ್ ಒಂದರಲ್ಲಿ ಇವು ಯಾವುವೂ ಇಲ್ಲದೇ ಇರಬಹುದು. 40 ಸಾವಿರ ಉಳಿಯಿತು ಎಂದು ಖುಷಿಪಡುವ ವಿಷಯ ಅಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 12 ವರ್ಷದ ಕಾರು ಕೊಂಡರೆ ಮೂರೇ ವರ್ಷದಲ್ಲಿ ಆ ಓಡಾಟ ನಿಮ್ಮ ತಲೆಗೆ.

ಹೊಸದರ ಬೆಲೆಯನ್ನೂ ಒಮ್ಮೆ ಕೇಳಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಸೆಸ್ಸೂ ಹೋಗಿದೆ. ಎರಡು ವರ್ಷ ಹಳೆಯದಕ್ಕೆ ಹೊಸದರ ಹತ್ತಿರದ ಬೆಲೆ ಹೇಳುವವರು ಇನ್ನೂ ಹಳೇ ರೇಟನ್ನೇ ತಲೆಯಲ್ಲಿಟ್ಟುಕೊಂಡಿರುತ್ತಾರೆ.

ಗೇರಾ, ಆಟೋಮ್ಯಾಟಿಕ್ಕಾ?

ಓಡಿಸುವವರನ್ನು ಕೇಳಿ, ದುಡ್ಡು ಕೊಡುವವರನ್ನಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಏನಾಗುತ್ತದೆ ಎಂದು ಓಡಿಸುವವರಿಗೇ ಗೊತ್ತು.

ಸಣ್ಣ ಕಾರುಗಳಲ್ಲಿ ಸಿಗುವುದು ಹೆಚ್ಚಾಗಿ ಎಎಂಟಿ. 2014ರಲ್ಲಿ ಸೆಲೆರಿಯೊ ಜತೆ ಇಲ್ಲಿಗೆ ಬಂತು. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅಂದರೆ ಕ್ಲಚ್ ಪ್ಲೇಟ್ ಇದರಲ್ಲೂ ಸವೆಯುತ್ತದೆ. ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ನಡುಗಿದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಸೆಟ್ಟಿನ ಖರ್ಚು ಬೆಲೆಯಿಂದ ಕಳೆಯಿರಿ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ ನುಣುಪಾಗಿರುತ್ತದೆ, ಆದರೆ ಅದರ ಗೇರ್ ಆಯಿಲ್ ಯಾವಾಗ ಬದಲಾಯಿತು ಎಂಬ ಬಿಲ್ಲು ಬೇಕೇ ಬೇಕು. ಡಬಲ್ ಕ್ಲಚ್ ಆಟೋಮ್ಯಾಟಿಕ್ ಇರುವ ಹಳೆ ಕಾರನ್ನು, ವಾರಂಟಿ ಮುಗಿದ ಮೇಲೆ, ಬೆಂಗಳೂರಿನ ಟ್ರಾಫಿಕ್ಕಿಗೆ ಎರಡನೇ ಕಾರಾಗಿ ನಾನಂತೂ ತರುವುದಿಲ್ಲ.

ಬಜೆಟ್ 4 ಲಕ್ಷ ಇದೆ. 4 ಲಕ್ಷದ ಕಾರು ನೋಡಬಹುದಾ?

ಬೇಡ. 3.4 ಲಕ್ಷದ್ದು ನೋಡಿ. ಮಿಕ್ಕ 60 ಸಾವಿರಕ್ಕೆ ದಾರಿ ತಾನಾಗಿಯೇ ಸಿಗುತ್ತದೆ. ನಾಲ್ಕು ಟೈರು, ಬ್ಯಾಟರಿ, ಆಯಿಲ್ಲುಗಳು, ಬ್ರೇಕ್ ಪ್ಯಾಡ್, ಇನ್ಶೂರೆನ್ಸ್, ಹೆಸರು ಬದಲಾವಣೆ. ಇವುಗಳಲ್ಲಿ ಮೂರಾದರೂ ಮೊದಲ ತಿಂಗಳಲ್ಲೇ ಬರುತ್ತವೆ. ನಮಗೆ ಮೊದಲ ಸಲ ಆರೂ ಬಂದವು.

ಹಳೆ ಕಾರಿನ ಸಾಲಕ್ಕೆ ಬಡ್ಡಿ ಹೊಸ ಕಾರಿಗಿಂತ ಜಾಸ್ತಿ. ಮೊದಲನೇ ಕಾರಿನ ಇಎಂಐ ಇನ್ನೂ ಇದ್ದರೆ ಅದು ಮುಗಿಯುವ ತನಕ ಕಾಯುವುದೇ ಲೇಸು.

ಎಲ್ಲಿ ಕೊಳ್ಳುವುದು?

ನನ್ನ ಆಯ್ಕೆಯ ಸಾಲು ಹೀಗೆ. ಮೊದಲು ಗೊತ್ತಿರುವವರ ಮನೆಯ ಕಾರು. ಅದರ ಕಥೆಯೆಲ್ಲ ನಮಗೆ ಗೊತ್ತಿರುತ್ತದೆ. ಆದರೆ ಭಾವನ ಕಾರಾದರೂ ಪರೀಕ್ಷೆ ಮಾಡಿಸಿಯೇ ಕೊಳ್ಳಿ. ಇಲ್ಲದಿದ್ದರೆ ಗೇರ್‌ಬಾಕ್ಸ್ ಹೋದಾಗ ಸಂಬಂಧವೂ ಅದರ ಜತೆ ಹೋಗುತ್ತದೆ.

ಆಮೇಲೆ ಮಾರುತಿಯ ಟ್ರೂ ವ್ಯಾಲ್ಯೂದಂಥ ಕಂಪನಿಯ ಮಳಿಗೆಗಳು, ಸ್ಪಿನ್ನಿ, ಕಾರ್ಸ್24ರಂಥ ಆನ್‌ಲೈನ್ ವ್ಯಾಪಾರಿಗಳು. ಇಲ್ಲಿ ಬೆಲೆ ಒಂದು ಕೈ ಜಾಸ್ತಿ, ಚೌಕಾಸಿ ಕಡಿಮೆ, ಕಾಗದಪತ್ರ ಅವರೇ ಓಡಾಡಿ ಮಾಡಿಸುತ್ತಾರೆ. ವಾರಂಟಿ ಎಂದಾಗ ಏನೇನು ಸೇರುತ್ತದೆ ಎಂಬ ಸಣ್ಣ ಅಕ್ಷರ ಓದಿ. ಕ್ಲಚ್, ಬ್ರೇಕ್, ಬ್ಯಾಟರಿ ಸಾಮಾನ್ಯವಾಗಿ ಸೇರಿರುವುದಿಲ್ಲ.

ಕೊನೆಗೆ ಬ್ರೋಕರ್. ಒಳ್ಳೆಯವರಿದ್ದಾರೆ, ಇಲ್ಲ ಎನ್ನುವುದಿಲ್ಲ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ವ್ಯಾಪಾರಿಗಳು ಆರ್‌ಟಿಒ ಅನುಮತಿ ಪತ್ರ ಪಡೆಯಬೇಕೆಂಬ ನಿಯಮ ಇದೆ. "ನಿಮ್ಮ ಹತ್ರ ಅದು ಇದೆಯಾ?" ಎಂದು ಕೇಳಿ ನೋಡಿ. ಉತ್ತರಕ್ಕಿಂತ ಮುಖ ನೋಡಿದರೆ ಗೊತ್ತಾಗುತ್ತದೆ. ಮೊದಲ ಕಾರು ಕೊಳ್ಳುವಾಗ ಒಬ್ಬ ಬ್ರೋಕರ್ ಅರ್ಧ ಗಂಟೆ ಬರೀ ನಮ್ಮ ಯಜಮಾನರ ಮುಖ ನೋಡಿಯೇ ಮಾತಾಡಿದ. ಓಡಿಸುವವಳು ನಾನು ಎಂದಾಗ "ಮೇಡಂಗೆ ಕಲರ್ ಇಷ್ಟ ಆಯ್ತಾ?" ಎಂದ. ಅಲ್ಲಿಂದ ಎದ್ದು ಬಂದೆವು.

ಕಡಿಮೆಗೆ ಸಿಗುತ್ತದೆ ಎಂದು ನಿಂತುಹೋದ ಕಂಪನಿಯ ಕಾರು ತಗೋಬಹುದಾ?

ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಡಾಟ್ಸನ್ 2022ರಲ್ಲಿ ಹೋಯಿತು. ಕಾರುಗಳು ಕೆಟ್ಟವಲ್ಲ. ಫೋರ್ಡ್ ಓಡಿಸಿದವರು ಅದರ ಸ್ಟಿಯರಿಂಗ್ ಬಗ್ಗೆ ಈಗಲೂ ಕಣ್ಣು ಅರಳಿಸಿ ಮಾತಾಡುತ್ತಾರೆ. ಗಾಡಿ ಹುಚ್ಚು ಇರುವವರು ಜೆ.ಸಿ. ರೋಡ್ ಸುತ್ತಿ ಪಾರ್ಟ್ಸ್ ಹುಡುಕಿಕೊಳ್ಳಲಿ. ಸ್ಕೂಲಿಗೆ ಹೊತ್ತಾಗುತ್ತಿರುವ ಮನೆಗೆ ಅದು ಬೇಡ.

ಯಾವ ಊರಿನ ಕಾರು ಒಳ್ಳೆಯದು?

ನಂಬರ್ ಪ್ಲೇಟ್ ಅರ್ಧ ಜಾತಕ ಹೇಳುತ್ತದೆ. ಕೆಎ 19 ಮಂಗಳೂರು, ಕೆಎ 20 ಉಡುಪಿ. ಅಲ್ಲಿಯ ಕಾರಾದರೆ ಕೆಳಗೆ ಮಲಗಿ ನೋಡಿ. ಕಡಲ ಉಪ್ಪುಗಾಳಿಗೆ ಅಡಿಭಾಗ, ಸೈಲೆನ್ಸರ್, ಬಾಗಿಲಿನ ಕೆಳ ಅಂಚು ತುಕ್ಕು ಹಿಡಿದಿರಬಹುದು. ಮೇಲಿನ ಪೇಂಟ್ ಮಾತ್ರ ಮಿರಮಿರ ಮಿಂಚುತ್ತಿರುತ್ತದೆ. ಕೆಎ 12 ಕೊಡಗು, ಕೆಎ 18 ಚಿಕ್ಕಮಗಳೂರು. ಎಸ್ಟೇಟ್ ರಸ್ತೆಯಲ್ಲಿ ಓಡಿದ್ದರೆ ಸಸ್ಪೆನ್ಷನ್, ಕ್ಲಚ್ ಎರಡೂ ದುಡಿದಿರುತ್ತವೆ. ಕಲಬುರಗಿ, ರಾಯಚೂರು ಕಡೆಯದಾದರೆ ಎಸಿ ಮತ್ತು ರಬ್ಬರ್ ಭಾಗಗಳನ್ನು ನೋಡಿ. ಬೆಂಗಳೂರಿನದ್ದಾದರೆ? ಕಿಲೋಮೀಟರ್ ಕಮ್ಮಿ ಇರುತ್ತದೆ, ಆದರೆ ಮೊದಲನೇ ಎರಡನೇ ಗೇರಿನಲ್ಲೇ ಜೀವ ಸವೆಸಿರುತ್ತದೆ. ಮೈಸೂರು ಕಾರು ಎಂದರೆ ನನಗೊಂದು ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ನಮ್ಮ ತವರು.

ಕರ್ನಾಟಕದೊಳಗೆ ಯಾವ ಜಿಲ್ಲೆಯದ್ದಾದರೂ ನಂಬರ್ ಬದಲಾಗುವುದಿಲ್ಲ. ಅದೇ ಪ್ಲೇಟಿನಲ್ಲಿ ಓಡಿಸಬಹುದು.

ದೆಹಲಿ ಕಾರು ತುಂಬಾ ಅಗ್ಗಕ್ಕೆ ಸಿಗ್ತಿದೆಯಲ್ಲ?

ಅಗ್ಗ ಯಾಕೆ ಎಂದು ಕೇಳಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ವರ್ಷಗಳಿಂದ ಕೋರ್ಟಿನ ಕತ್ತಿ ತೂಗುತ್ತಲೇ ಇದೆ. ಆ ಭಯಕ್ಕೆ ಮಾರಿದ ಕಾರುಗಳು ದಕ್ಷಿಣಕ್ಕೆ ಬರುತ್ತವೆ.

ಬೇರೆ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಹಾಕಿಸಲೇಬೇಕು. ಅದಕ್ಕೆ ಆ ಊರಿನ ಆರ್‌ಟಿಒ ಕೊಟ್ಟ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು, ಮತ್ತೆ ಇಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ ಆ ತೆರಿಗೆ ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ಕಾರಿನ ವಯಸ್ಸಿಗೆ ತಕ್ಕಂತೆ ಕಡಿತ ಇದೆ, ಆದರೂ ಸಣ್ಣ ಮೊತ್ತವಲ್ಲ. ಹಳೇ ರಾಜ್ಯದಿಂದ ತೆರಿಗೆ ವಾಪಸ್ ಪಡೆಯಬೇಕಾದವರು ಅಲ್ಲಿಯ ಮಾಲೀಕರು. ಅವರು ನಿಮಗಾಗಿ ಆರ್‌ಟಿಒ ಬಾಗಿಲು ತಟ್ಟುತ್ತಾರೆಯೇ? ಮೊದಲ ಸಲ ಕೊಳ್ಳುವವರು ಕೆಎ ನಂಬರಿನ ಆಚೆ ನೋಡಲೇಬೇಡಿ ಎಂಬುದು ನನ್ನ ಮಾತು.

ಬಿಎಚ್ ಸರಣಿಯ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆ ಕೊಡುವ ನಂಬರಿನ, ಕಾರೂ ಹೀಗೇ. ಆ ನಂಬರ್ ಪಡೆಯುವ ಅರ್ಹತೆ ನಿಮಗಿಲ್ಲದಿದ್ದರೆ ಮಾಮೂಲಿ ನಂಬರಿಗೆ ಬದಲಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಆ ಲೆಕ್ಕ ಮೊದಲೇ ಹಾಕಿ.

ಕಾರು ನೋಡುವ ಮೊದಲು ಏನು ಕೇಳಬೇಕು?

ಆರ್‌ಸಿ, ಇನ್ಶೂರೆನ್ಸ್ ಫೋಟೋ ವಾಟ್ಸ್ಆಪಿನಲ್ಲಿ ತರಿಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ, ಪೆಟ್ರೋಲ್ ಉಳಿಯುತ್ತದೆ. ಸರ್ಕಾರದ ಎಂಪರಿವಾಹನ್ ಆಪಿನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ಸಾಲ ಇದೆಯೇ, ಇನ್ಶೂರೆನ್ಸ್ ಯಾವತ್ತಿಗೆ ಮುಗಿಯುತ್ತದೆ ಎಂಬುದೆಲ್ಲ ಹೊಂದುತ್ತದೆಯೇ ನೋಡಬಹುದು. ಆರ್‌ಸಿಯಲ್ಲಿ ತಯಾರಾದ ತಿಂಗಳೂ ಇರುತ್ತದೆ. 2020ರ ಜನವರಿಯಲ್ಲಿ ನೋಂದಣಿಯಾದ ಕಾರು 2019ರ ಜೂನಿನಲ್ಲಿ ತಯಾರಾಗಿದ್ದರೆ ಅದು 2019ರ ಕಾರೇ.

ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿ. ಬೆಂಗಳೂರಿನಲ್ಲಿ ಹತ್ತಿಪ್ಪತ್ತು ಕೇಸು ಇರುವ ಕಾರು ಹೊಸದೇನಲ್ಲ. ಅರ್ಧ ದಂಡ ಕಟ್ಟುವ ರಿಯಾಯಿತಿ ಆಗಾಗ ಬರುವುದರಿಂದ ಜನ ಅದಕ್ಕೇ ಕಾಯುತ್ತಾ ಕೂತಿರುತ್ತಾರೆ. ಮಾರುವವರೇ ಕಟ್ಟಿ ರಸೀದಿ ಕೊಡಲಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ್ದರೂ ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. "ಲೋನ್ ಕ್ಲಿಯರ್ ಆಗಿದೆ, ಎನ್‌ಒಸಿ ಬರುತ್ತೆ" ಎನ್ನುವ ಮಾತಿಗೆ ದುಡ್ಡು ಕೊಡಬೇಡಿ. ಎನ್‌ಒಸಿ ಕೈಗೆ ಬಂದ ಮೇಲೆ ಮುಂದಿನ ಮಾತು.

ಮೀಟರ್ 38 ಸಾವಿರ ತೋರಿಸುತ್ತಿದೆ. ನಂಬಬಹುದಾ?

ಡಿಜಿಟಲ್ ಮೀಟರ್ ತಿದ್ದುವುದು ಹಳೇ ಮುಳ್ಳಿನ ಮೀಟರಿಗಿಂತ ಸುಲಭ. ನಂಬಬೇಕಾದದ್ದು ಕಂಪನಿ ಸರ್ವಿಸ್ ಸೆಂಟರಿನ ದಾಖಲೆ. ಮಾಲೀಕರ ಜತೆ ಹೋದರೆ, ಅಥವಾ ಅವರ ಆಪಿನಲ್ಲೇ, ಯಾವ ದಿನ ಎಷ್ಟು ಕಿಲೋಮೀಟರಿಗೆ ಸರ್ವಿಸ್ ಆಯಿತು ಎಂದು ಸಿಗುತ್ತದೆ. 2022ರಲ್ಲಿ 61 ಸಾವಿರ ಇದ್ದದ್ದು ಈಗ 38 ಆಗಿದ್ದರೆ ನಮಸ್ಕಾರ ಹೇಳಿ ಬನ್ನಿ.

ದಾಖಲೆ ಇಲ್ಲವಾ? ಕ್ಲಚ್, ಬ್ರೇಕ್ ಪೆಡಲ್ಲಿನ ರಬ್ಬರ್ ನೋಡಿ. ಸ್ಟಿಯರಿಂಗಿನ ಗೆರೆಗಳು ನುಣ್ಣಗಾಗಿವೆಯೇ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆಯೇ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಇಪ್ಪತ್ತು ಸಾವಿರ ಓಡಿದ ಕಾರಿಗೆ ನಾಲ್ಕೂ ಹೊಸ ಟೈರು ಯಾಕೆ ಬೇಕಾಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಆಕ್ಸಿಡೆಂಟ್ ಆದ ಕಾರು, ಮಳೆನೀರಿನಲ್ಲಿ ಮುಳುಗಿದ ಕಾರು ಹೇಗೆ ಗುರುತಿಸುವುದು?

ಹಗಲು ಹೊತ್ತಲ್ಲಿ ಹೋಗಿ, ಕಾರು ಒಣಗಿರುವಾಗ ನೋಡಿ. ಸಂಜೆ ಲೈಟಿನಲ್ಲಿ, ಆಗ ತಾನೇ ತೊಳೆದ ಕಾರು ಎಲ್ಲವೂ ಮದುವೆ ಗಂಡಿನ ಹಾಗೇ ಕಾಣುತ್ತವೆ.

ಬಾಗಿಲು, ಬಾನೆಟ್ಟುಗಳ ಅಂಚಿನ ಸಂದು ಎರಡೂ ಕಡೆ ಒಂದೇ ಸಮ ಇರಬೇಕು. ಬಾನೆಟ್, ಫೆಂಡರ್ ಹಿಡಿದ ಬೋಲ್ಟುಗಳ ತಲೆಯ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ನೋಡಿ, ಫ್ಯಾಕ್ಟರಿಯವು ಸಾಲಾಗಿ ಗುಂಡಗಿರುತ್ತವೆ. ಬಂಪರಿಗೆ, ಒಂದು ಬಾಗಿಲಿಗೆ ಟಿಂಕರಿಂಗ್ ಆಗಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಊರೊಳಗೆ ಓಡಿದ ಕಾರಿಗೆ ಅದು ಸಹಜ. ಛಾವಣಿ ಹೊತ್ತ ಕಂಬಗಳಿಗೆ, ಚಾಸಿಸ್ ರೈಲಿಗೆ, ಛಾವಣಿಗೆ ಏಟು ಬಿದ್ದಿದ್ದರೆ ಬೇಡವೇ ಬೇಡ. ಏರ್‌ಬ್ಯಾಗ್ ದೀಪ ಕೀ ತಿರುಗಿಸಿದಾಗ ಹತ್ತಿ ಆರಬೇಕು. ಹತ್ತದೇ ಇದ್ದರೂ ಅನುಮಾನಪಡಿ.

ಮುಳುಗಿದ ಕಾರು ಇನ್ನೂ ಮೋಸದ್ದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬೇಸ್‌ಮೆಂಟುಗಳಲ್ಲಿ ಎಷ್ಟು ಕಾರು ನೀರಲ್ಲಿ ನಿಂತಿದ್ದವು, ನಾವೆಲ್ಲ ನೋಡಿದ್ದೇವೆ ಅಲ್ವಾ? ಚೆನ್ನೈಯಲ್ಲಿ 2015 ಮತ್ತು 2023ರ ಡಿಸೆಂಬರ್, ಕೇರಳ ಮತ್ತು ಕೊಡಗಿನಲ್ಲಿ 2018ರ ಆಗಸ್ಟ್. ಆ ಕಾರುಗಳೆಲ್ಲ ಗುಜರಿಗೆ ಹೋಗಲಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ನಾನು ನೋಡಿದ ಒಂದು ಕಾರು ಒಳಗೆಲ್ಲ ಘಮಘಮ ಎನ್ನುತ್ತಿತ್ತು, ಸೀಟ್ ಕವರ್ ಹೊಸದು. ಹಿಂದಿನ ಬೆಲ್ಟ್ ಪೂರ್ತಿ ಎಳೆದರೆ ತುದಿಯ ಒಂದು ಮೊಳ ಕೆಸರಿನ ಬಣ್ಣ. ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಇಡುವ ಗುಂಡಿ, ಕಾರ್ಪೆಟ್ಟಿನ ಅಡಿ ಇವನ್ನೂ ಮುಟ್ಟಿ ನೋಡಿ. ಜಾಸ್ತಿ ಸೆಂಟ್ ಹೊಡೆದ ಕಾರೆಂದರೆ ಈಗ ನನಗೆ ಮೊದಲು ಬರುವುದು ಅನುಮಾನವೇ.

ಟೆಸ್ಟ್ ಡ್ರೈವಿನಲ್ಲಿ ಏನು ನೋಡಲಿ?

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಹೋಗುವ ಮೊದಲೇ "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ. ಹೋಗಿ ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಎಸಿ ಹಾಕಿ ನೋಡಿ. ಆಮೇಲೆ ಎಸಿ, ರೇಡಿಯೋ ಎರಡೂ ಆಫ್ ಮಾಡಿ, ಗಾಜು ಇಳಿಸಿ, ಗೋಡೆ ಪಕ್ಕ ನಿಧಾನಕ್ಕೆ ಓಡಿಸಿ. ಸದ್ದೆಲ್ಲ ಗೋಡೆಗೆ ಬಡಿದು ಕಿವಿಗೆ ಬರುತ್ತದೆ. ಹಂಪಿನ ಮೇಲೆ ಓರೆಯಾಗಿ ಹತ್ತಿಸಿ. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಸಡಿಲ ಬಿಟ್ಟರೆ ಒಂದೇ ಕಡೆ ಎಳೆಯುತ್ತದೆಯೇ ನೋಡಿ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಇಂಜಿನ್ ಕೂಗಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ.

ಆಮೇಲೆ ನಿಮ್ಮ ಮೆಕ್ಯಾನಿಕ್‌ಗೆ ಒಂದು ಸಾವಿರವೋ ಎರಡು ಸಾವಿರವೋ ಕೊಟ್ಟು ಲಿಫ್ಟಿನ ಮೇಲೆ ಹತ್ತಿಸಿ, ಸ್ಕ್ಯಾನರ್ ಹಾಕಿ ನೋಡಿಸಿ. ಇದಕ್ಕೆ ಒಪ್ಪದ ಮಾಲೀಕರ ಕಾರು ಬೇಡ. ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ. ನಮ್ಮತ್ತೆ ಒಂದು ಚೆಂದದ ಕಾರಿನಿಂದ ಇಳಿಯುವಾಗ ತಲೆಗೆ ಬಡಿಸಿಕೊಂಡರು. ಆ ಕಾರು ಅಲ್ಲೇ ಪಟ್ಟಿಯಿಂದ ಬಿತ್ತು.

ಚೌಕಾಸಿ ಹೇಗೆ ಮಾಡುವುದು?

ಆಷಾಢದಲ್ಲಿ ಹೋಗಿ. ಶುಭಕಾರ್ಯ ಇಲ್ಲದ ಆ ತಿಂಗಳಲ್ಲಿ ಕೊಳ್ಳುವವರು ಕಮ್ಮಿ. ಮಾತು ಮುಗಿಸಿ, ಡೆಲಿವರಿ ಶ್ರಾವಣಕ್ಕೆ ಇಟ್ಟುಕೊಂಡರೆ ಮನೆಯ ಹಿರಿಯರೂ ಖುಷಿ. ಆಯುಧಪೂಜೆಗೆ ಎರಡು ವಾರ ಮೊದಲು ಮಾತ್ರ ಹೋಗಬೇಡಿ.

"ಲಾಸ್ಟ್ ಎಷ್ಟು ಹೇಳಿ" ಎನ್ನುವ ಬದಲು ಖರ್ಚಿನ ಪಟ್ಟಿ ಮುಂದಿಡಿ. ಎರಡು ಟೈರು, ಬ್ಯಾಟರಿ, ಶಾಕ್ ಅಬ್ಸಾರ್ಬರ್, ಇಷ್ಟಾಗುತ್ತದೆ, ಅಷ್ಟು ಕಳೆಯಿರಿ ಎನ್ನಿ. ಟೋಕನ್ ಕೊಡುವುದಾದರೆ ಸಣ್ಣ ಮೊತ್ತ, ಆನ್‌ಲೈನಿನಲ್ಲಿ, "ಪರೀಕ್ಷೆಯಲ್ಲಿ ದೋಷ ಕಂಡರೆ ವಾಪಸ್" ಎಂದು ಬರೆಸಿಕೊಂಡು ಕೊಡಿ. ಒಮ್ಮೆ ಬಾಯಿಮಾತಿನ ಮೇಲೆ ಒಬ್ಬ ಬ್ರೋಕರ್‌ಗೆ ಹತ್ತು ಸಾವಿರ ಕೊಟ್ಟಿದ್ದೆ. ಅದು ಇನ್ನೂ ಬರಬೇಕು.

ಪೂರ್ತಿ ಹಣ ಬ್ಯಾಂಕಿನ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

ಹೆಸರು ಬದಲಾವಣೆ ಆಮೇಲೆ ಮಾಡಿಸಿದರೆ ಆಗಲ್ವಾ?

ಆಗಲ್ಲ. ಫಾರಂ 29 ಮತ್ತು ಫಾರಂ 30ಕ್ಕೆ ಕೀ ತೆಗೆದುಕೊಳ್ಳುವ ದಿನವೇ ಇಬ್ಬರ ಸಹಿ ಆಗಬೇಕು. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅರ್ಜಿ ಪರಿವಾಹನ್ ಜಾಲತಾಣದಲ್ಲಿ ಹಾಕಬಹುದು. ಅಲ್ಲಿ ಮಾರುವವರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಅದು ಐದು ವರ್ಷದ ಹಿಂದೆ ಬಿಟ್ಟ ನಂಬರ್ ಆಗಿದ್ದರೆ ಕಥೆ ಮುಗಿಯಿತು. ದುಡ್ಡು ಕೊಡುವ ಮೊದಲೇ ಅದನ್ನು ಸರಿ ಮಾಡಿಸಿಕೊಳ್ಳಿ. ಸರ್ಕಾರಿ ಶುಲ್ಕ ಕಡಿಮೆ, ಏಜೆಂಟರ ಶುಲ್ಕ ಅವರವರ ಬಾಯಿಗೆ ಬಂದಷ್ಟು.

ಮಾರುವವರು ಉದಾಸೀನ ಮಾಡಿದರೆ ಅವರಿಗೆ ಒಂದು ಮಾತು ಹೇಳಿ. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವ ಪ್ರಕಾರ ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದು, ಕಾರು ಕೈ ಬದಲಾಗಿದ್ದರೂ ಸರಿ. ಇದು ಕೇಳಿದ ಮೇಲೆ ಅವರೇ ಬೆಳಗ್ಗೆ ಫೋನ್ ಮಾಡುತ್ತಾರೆ. ಕಾರು ಕೈಗೆ ಬಂದ ದಿನಾಂಕ, ಗಂಟೆ, ಮೀಟರಿನ ಅಂಕಿ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ. ಬೆಳಗಿನ ಸಿಗ್ನಲ್ ಜಂಪ್ ಯಾರದ್ದು, ಸಂಜೆಯದ್ದು ಯಾರದ್ದು ಎಂದು ಆಮೇಲೆ ಜಗಳ ಇರುವುದಿಲ್ಲ.

ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳು ಇದೆಯಂತೆ. ಸಾಕಲ್ವಾ?

ಥರ್ಡ್ ಪಾರ್ಟಿ ಭಾಗ ಕಾರಿನ ಜತೆ ನಿಮಗೆ ಬರುತ್ತದೆ. ನಿಮ್ಮ ಕಾರಿಗೇ ಆಗುವ ಹಾನಿಯ ಭಾಗಕ್ಕೆ 14 ದಿನದೊಳಗೆ ಕಂಪನಿಗೆ ಹೇಳಿ ಹೆಸರು ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ಕೈ ಖಾಲಿ. ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಅದನ್ನು ಅವರು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ. ನಿಮ್ಮ ಮೊದಲ ಕಾರಿನ ಬೋನಸ್ಸನ್ನೂ ಎರಡನೆಯದಕ್ಕೆ ಹಂಚಲು ಬರುವುದಿಲ್ಲ, ಮೊದಲ ಕಾರು ಇನ್ನೂ ಮನೆಯಲ್ಲಿದೆಯಲ್ಲ.

ಒಂದು ಉಳಿತಾಯ ಮಾತ್ರ ಇದೆ, ಏಜೆಂಟರು ಹೇಳುವುದಿಲ್ಲ. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಮಾಲೀಕರಿಗೆ ಒಂದೇ ಸಾಕು, ಕಾರಿಗೊಂದು ಬೇಡ. ಎರಡೂ ಕಾರು ನಿಮ್ಮ ಹೆಸರಲ್ಲಿದ್ದರೆ ಎರಡನೇ ಪಾಲಿಸಿಯಲ್ಲಿ ಅದನ್ನು ತೆಗೆಸಿ. ಕಾರು ಹೆಂಡತಿಯ ಹೆಸರಲ್ಲಾದರೆ ಅವರಿಗೆ ಬೇರೆಯೇ ಬೇಕು.

ಹಳೆ ಎಲೆಕ್ಟ್ರಿಕ್ ಕಾರು ತಗೋಬಹುದಾ?

ಕೆಲಸದ ಲೆಕ್ಕದಲ್ಲಿ ಎರಡನೇ ಕಾರಿಗೆ ಇದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ. ಚಿಕ್ಕ ಚಿಕ್ಕ ಓಡಾಟ, ರಾತ್ರಿ ಮನೆಯಲ್ಲೇ ಚಾರ್ಜು. ಷರತ್ತು ಎರಡು. ನಿಮ್ಮ ಪಾರ್ಕಿಂಗ್ ಜಾಗಕ್ಕೆ ನಿಮ್ಮ ಮೀಟರಿನಿಂದ ಲೈನ್ ಎಳೆಯಲು ಅಸೋಸಿಯೇಷನ್ ಒಪ್ಪಬೇಕು. ಇದು ಕೆಲವು ಕಡೆ ಕಾರು ಕೊಳ್ಳುವುದಕ್ಕಿಂತ ಕಷ್ಟ. ಎರಡನೆಯದು, ಬ್ಯಾಟರಿ ಎಷ್ಟು ಆರೋಗ್ಯವಾಗಿದೆ ಎಂಬ ವರದಿ ಕಂಪನಿಯ ಸರ್ವಿಸ್ ಸೆಂಟರಿನಿಂದಲೇ ಬರಬೇಕು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಗೆ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ವಾರಂಟಿ ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಬೆಲೆ ನಿಂತಿರುವುದೇ ಅದರ ಮೇಲೆ.

ಕಾರು ಮನೆಗೆ ಬಂತು. ಮೊದಲು ಏನು ಮಾಡಲಿ?

ನಿಂಬೆಹಣ್ಣು ಆದ ಮೇಲೆ ನೇರ ಗ್ಯಾರೇಜಿಗೆ. ಮಾರಿದವರು "ಹೋದ ವಾರವೇ ಸರ್ವಿಸ್ ಆಗಿದೆ" ಎಂದಿದ್ದರೂ ಬಿಲ್ ಇಲ್ಲದಿದ್ದರೆ ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಫಿಲ್ಟರುಗಳನ್ನು ಬದಲಿಸಿ. ಹಳೇ ಮಾಲೀಕರು ತಮ್ಮ ಫಾಸ್ಟ್ಯಾಗ್ ಮುಚ್ಚಿಸಿದ ಮೇಲೆ ನಿಮ್ಮದನ್ನು ಹಾಕಿಸಿ. 2019ರ ಏಪ್ರಿಲ್‌ಗಿಂತ ಹಳೇ ಕಾರಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್) ಪ್ಲೇಟ್ ಇದೆಯೇ ನೋಡಿ. ಎರಡನೇ ಕೀ ಕೇಳಿ ಪಡೆಯಿರಿ. ಅದು "ಊರಲ್ಲಿದೆ" ಎಂದರೆ ಬಂದ ಮೇಲೆ ಕೊಡುತ್ತೇವೆ ಎಂದು ಐದು ಸಾವಿರ ಹಿಡಿದುಕೊಳ್ಳಿ. ಊರಲ್ಲಿರುವ ಕೀ ಮರುದಿನವೇ ಬರುತ್ತದೆ.

ಓಡಿಸದೇ ನಿಂತರೆ ಕೆಡುತ್ತದೆಯಾ?

ಕೆಡುತ್ತದೆ. ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸುವುದರಿಂದ ಬ್ಯಾಟರಿಗೆ ಉಪಕಾರವಾಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಭಾನುವಾರ ಬೆಳಗಿನ ಇಡ್ಲಿಗೆ ದೊಡ್ಡ ಕಾರಿನ ಬದಲು ಇದರಲ್ಲೇ ಹೋಗಿ. ದೂರದ ಹೋಟೆಲಾದರೆ ಇನ್ನೂ ಒಳ್ಳೆಯದು.

ಬೇಸ್‌ಮೆಂಟಿನಲ್ಲಿ ಇಲಿ ಕಾಟ ಇದ್ದರೆ ವೈರು ಕಡಿಯುವುದು ನಿಂತ ಕಾರಿನದೇ ಮೊದಲು. ಮೊದಲೇ ಬಾನೆಟ್ ಕೆಳಗೆ ಜಾಲರಿ ಹಾಕಿಸಿ, ಕಾರೊಳಗೆ ಬಿಸ್ಕತ್ತಿನ ಪುಡಿ ಬಿಡಬೇಡಿ. ಹೊಗೆಸೊಪ್ಪು ಕಟ್ಟಿ ಎನ್ನುವವರಿದ್ದಾರೆ. ನಾನೂ ಕಟ್ಟಿದೆ. ನಮ್ಮ ಬೇಸ್‌ಮೆಂಟಿನ ಇಲಿ ಎರಡು ದಿನ ಪಕ್ಕದ ಕಾರಿಗೆ ಹೋಗಿ, ಮೂರನೇ ದಿನ ವಾಪಸ್ ಬಂತು.